ಗುಣಭದ್ರಾಚಾರ್ಯರು ಮತ್ತು ಎರಡು ನಿಮಿತ್ತಗಳು

ಬಂಕಾಪುರವೆಂದೊಡನೆ ಇಂದಿನ ಪ್ರವಾಸಿಗೆ ನೆನಪಾಗುವುದು ಕೋಟೆಯೊಳಗಿನ ನಗರೇಶ್ವರ ದೇಗುಲದ ಕಂಬಗಳು, ಇಲ್ಲವೆ ಆ ಕೋಟೆಯಲ್ಲಿ ಆಶ್ರಯ ಪಡೆದಿರುವ ನವಿಲುಗಳು. ಸಾಹಿತ್ಯದ ವಿದ್ಯಾರ್ಥಿಗಾದರೋ ಈ ಊರಿನ ಹೆಸರು ಬೇರೊಂದು ಕಾರಣದಿಂದ ಪರಿಚಿತವಾಗಿದೆ. ಶಕವರ್ಷ ೮೨೦, ಪಿಂಗಲ ಸಂವತ್ಸರ, ಎಂದರೆ ಕ್ರಿ.ಶ. ೮೯೭-೯೮ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಕಾಲವರ್ಷ ಎರಡನೆಯ ಕೃಷ್ಣನ ಸಾಮಂತನಾದ ಲೋಕಾದಿತ್ಯನು ಬಂಕಾಪುರದಲ್ಲಿದ್ದು ವನವಾಸಿ ನಾಡನ್ನು ಆಳುತ್ತಿದ್ದಾಗ, ಒಂದು ಮಹಾಗ್ರಂಥಕ್ಕೆ ಇಲ್ಲಿ ಪೂಜೆ ಸಂದಿತು. ಊರಿಗೆ ಹೆಸರು ಬಂದದ್ದು ಲೋಕಾದಿತ್ಯನ ತಂದೆ, ಅಮೋಘವರ್ಷ ನೃಪತುಂಗನ ಆಪ್ತ ಸೇನಾನಿಯಾಗಿದ್ದ ಬಂಕೆಯನಿಂದ. ಪೂಜೆಗೊಂಡ ಗ್ರಂಥ ಉತ್ತರಪುರಾಣ. ಅದರ ಕರ್ತೃಗಳು ಗುಣಭದ್ರಾಚಾರ್ಯರು.

ಸೇನಸಂಘದ ಈ ಆಚಾರ್ಯರ ಪರಂಪರೆಯಲ್ಲಿ, ಗುರುವು ಅರ್ಧಕ್ಕೆ ಬಿಟ್ಟುದನ್ನು ಶಿಷ್ಯನು ಮುಗಿಸುವುದು ಮನೆತನದ ಕಸುಬೋ ಎಂಬಂತೆ ನಡೆದುಬಂದಿತ್ತು. ವೀರಸೇನಾಚಾರ್ಯರು ಜಯಧವಲಾ ಟೀಕೆಯನ್ನು ಇಪ್ಪತ್ತು ಸಾವಿರ ಶ್ಲೋಕಪ್ರಮಾಣದಷ್ಟು ಬರೆದು ಕಾಲವಾದರು. ಶಿಷ್ಯರಾದ ಜಿನಸೇನರು ಮತ್ತೆ ನಲವತ್ತು ಸಾವಿರ ಸೇರಿಸಿ ಕ್ರಿ.ಶ. ೮೩೭ರಲ್ಲಿ ಅದನ್ನು ಪೂರ್ಣಗೊಳಿಸಿದರು. ಆ ಜಿನಸೇನರೇ ಮುಂದೆ ಅರುವತ್ತಮೂವರು ಶಲಾಕಾಪುರುಷರ ಚರಿತ್ರೆಯನ್ನು ಮಹಾಪುರಾಣವಾಗಿ ಬರೆಯಹೊರಟು, ಅದರ ಮೊದಲ ಭಾಗವಾದ ಆದಿಪುರಾಣದಲ್ಲಿ ನಲವತ್ತೆರಡು ಪರ್ವಗಳನ್ನು ಮುಗಿಸಿ, ನಲವತ್ತಮೂರನೆಯದರಲ್ಲಿ ಮೂರು ಶ್ಲೋಕ ಬರೆಯುವಷ್ಟರಲ್ಲಿ ತೀರಿಕೊಂಡರು. ಹನ್ನೆರಡು ಸಾವಿರ ಶ್ಲೋಕಗಳ ಆದಿಪುರಾಣದಲ್ಲಿ ೧೦,೩೮೦ ಗುರುವಿನವು. ಉಳಿದ ೧,೬೨೦ ಗುಣಭದ್ರರವು. ಅನಂತರ ಇಪ್ಪತ್ತಮೂರು ತೀರ್ಥಂಕರರ ಕಥೆ, ಸುಮಾರು ಎಂಟು ಸಾವಿರ ಶ್ಲೋಕಗಳ ಹೊರೆ, ಅವರೊಬ್ಬರ ಹೆಗಲಿಗೇ ಬಿದ್ದಿತು. ಈ ಪುರಾಣವನ್ನು ಅವರು ಕಬ್ಬಿನ ಜಲ್ಲೆಗೆ ಹೋಲಿಸಿದ್ದಾರೆ: ಬುಡದ ಸವಿಯೆಲ್ಲ ಗುರುವಿಗೆ, ತುದಿಯ ಭಾಗ ತಮಗೆ.

ಶಿಷ್ಯನ ಆಯ್ಕೆಯ ಬಗ್ಗೆ ಒಂದು ಐತಿಹ್ಯವಿದೆ. ಅಂತ್ಯಕಾಲ ಸಮೀಪಿಸಿದಾಗ ಜಿನಸೇನರು ಇಬ್ಬರು ಶಿಷ್ಯರನ್ನು ಕರೆದು, ಎದುರಿಗಿದ್ದ ಒಂದು ಒಣಮರವನ್ನು ಬಣ್ಣಿಸಲು ಹೇಳಿದರಂತೆ. ಒಬ್ಬನ ಮಾತು ಕಟ್ಟಿಗೆಯಂತೆಯೇ ಕರ್ಕಶವಾಗಿ ಹೊರಬಿತ್ತು. ಗುಣಭದ್ರರ ಬಾಯಲ್ಲಿ ಅದೇ ಒಣಮರ ಇಂಪಾದ ಪದಗಳಲ್ಲಿ ಶೋಭಿಸಿತು. ಬಾಣಭಟ್ಟನ ಮಕ್ಕಳ ವಿಷಯದಲ್ಲಿಯೂ ಇದೇ ಕಥೆಯನ್ನು ಹೇಳುವುದುಂಟಾದ್ದರಿಂದ ಇದನ್ನು ಚರಿತ್ರೆಯೆಂದು ಹಿಡಿಯಬೇಕಾಗಿಲ್ಲ. ಆದರೆ ಕಂಡ ವಸ್ತು ಒಂದೇ ಆದರೂ ಪಕ್ಕದಲ್ಲಿ ನಿಂತುದರಿಂದ ಅದರ ಅರ್ಥ ಬೇರೆಯಾಗುವುದೆಂಬ ಸಂಗತಿ ಗುಣಭದ್ರರ ಕಾವ್ಯದ ಒಂದು ಭಾಗಕ್ಕೆ ಕೀಲಿಕೈಯಂತಿದೆ.

ಇದನ್ನು ತಿಳಿಯಲು ಗುರುಗಳ ಲೇಖನಿ ನಿಂತ ಸ್ಥಳದಿಂದ ತುಸು ಹಿಂದಕ್ಕೆ ಹೋಗಬೇಕು. ಆದಿಪುರಾಣದಲ್ಲಿ ಎರಡು ಸ್ವಪ್ನಮಾಲೆಗಳಿವೆ. ವೃಷಭನಾಥನ ತಾಯಿ ಮರುದೇವಿ ಗರ್ಭಧಾರಣೆಗೆ ಮುನ್ನ ಹದಿನಾರು ಕನಸುಗಳನ್ನು ಕಾಣುತ್ತಾಳೆ: ಆನೆ, ಎತ್ತು, ಸಿಂಹ, ಪೂರ್ಣಚಂದ್ರ, ಉದಯಸೂರ್ಯ, ತಾವರೆಗೊಳ, ರತ್ನರಾಶಿ ಮೊದಲಾದವು. ಎಲ್ಲವೂ ಶುಭ. ಆನೆಯೆಂದರೆ ಮಹಾಪುತ್ರ, ಚಂದ್ರನೆಂದರೆ ಜನಕ್ಕೆ ಆಹ್ಲಾದ. ಇನ್ನೊಂದು ಮಾಲೆ ನಲವತ್ತೊಂದನೆಯ ಪರ್ವದಲ್ಲಿ ಭರತಚಕ್ರಿ ಕಂಡ ಹದಿನಾರು ಕನಸುಗಳು. ಓದುಗನು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬೆರಗಾಗುತ್ತಾನೆ. ತಾಯಿಗೆ ಕಂಡ ಚಿಹ್ನೆಗಳಲ್ಲಿ ಹಲವು ಇಲ್ಲಿಯೂ ಇವೆ, ಆದರೆ ಒಂಟಿಯಾಗಿಲ್ಲ. ಆನೆ ಇದೆ, ಅದರ ಹೆಗಲ ಮೇಲೆ ಕೋತಿಗಳಿವೆ: ಹಳೆಯ ರಾಜವಂಶಗಳು ಅಳಿದು ಕುಲವಿಲ್ಲದವರು ನೆಲವನ್ನಾಳುವರೆಂದು ವೃಷಭನಾಥನು ಅರ್ಥ ಹೇಳುತ್ತಾನೆ. ಸೂರ್ಯನಿದ್ದಾನೆ, ಮೋಡ ಮುಚ್ಚಿದೆ: ಮುಂದಿನ ಕಾಲದಲ್ಲಿ ಕೇವಲಜ್ಞಾನ ಉದಯಿಸದು. ರತ್ನರಾಶಿಗೆ ಧೂಳು ಮುಸುಕಿದೆ. ಕೊಳದ ಅಂಚಿನಲ್ಲಿ ನೀರು, ನಡುವೆ ಬರಡು: ಧರ್ಮವು ಮಧ್ಯದೇಶವನ್ನು ಬಿಟ್ಟು ಗಡಿನಾಡುಗಳಲ್ಲಿ ಉಳಿಯುವುದು. ಆನೆಯ ಹೊರೆಯನ್ನು ಹೊತ್ತು ಬೆನ್ನು ಬಾಗಿದ ಕುದುರೆಯೂ ಅಲ್ಲಿದೆ. ತಪಸ್ಸಿನ ಭಾರವನ್ನು ಹೊರಲಾರದ ಮುನಿಗಳ ಸೂಚನೆ ಅದು.

ಕುದುರೆ ಅಶುಭವಲ್ಲ, ಹೊರೆಯೂ ಅಶುಭವಲ್ಲ. ಎರಡು ಕೂಡಿದಾಗ ಮೂರನೆಯದೊಂದು ಅರ್ಥ ಹುಟ್ಟುತ್ತದೆ. ಈ ಜಾಣ್ಮೆ ನಮ್ಮಲ್ಲಿ ಮಾತ್ರ ಬೆಳೆದುದಲ್ಲ. ಯುರೋಪಿನಲ್ಲಿ ಲೆನಾರ್ಮಾಂಡ್ ಎಂಬ ಹೆಸರಿನಿಂದ ಮೂವತ್ತಾರು ಇಸ್ಪೀಟಿನಂಥ ಎಲೆಗಳು ಪ್ರಚಾರದಲ್ಲಿವೆ. ಸೂರ್ಯ, ಚಂದ್ರ, ಮೋಡ, ಮೀನು, ಮರ, ನಾಯಿ ಇತ್ಯಾದಿ ಚಿತ್ರಗಳಿರುವ ಈ ಎಲೆಗಳನ್ನು ಜೋಡಿಜೋಡಿಯಾಗಿ ಓದುವುದು ರೂಢಿ: ಮೊದಲಿನ ಎಲೆ ವಿಷಯವನ್ನು ಹೆಸರಿಸಿದರೆ, ಎರಡನೆಯದು ಅದಕ್ಕೆ ಬಣ್ಣ ಕೊಡುತ್ತದೆ. ಲೆನಾರ್ಮಾಂಡ್ ಎಂಬಾಕೆ ಪ್ಯಾರಿಸಿನಲ್ಲಿ ಪ್ರಸಿದ್ಧಳಾಗಿದ್ದ ಭವಿಷ್ಯಗಾರ್ತಿ. ಆದರೆ ಈ ಎಲೆಗಳು ಆಕೆಯವಲ್ಲ. ೧೭೯೯ರ ಸುಮಾರಿಗೆ ನ್ಯೂರೆಂಬರ್ಗಿನ ಹೆಕ್ಟೆಲ್ ಎಂಬಾತನು ರಚಿಸಿದ ಒಂದು ಮನೆಯಾಟದಿಂದ ಬಂದು, ೧೮೪೩ರಲ್ಲಿ ಆಕೆ ಸತ್ತ ಮೇಲೆ ಆಕೆಯ ಹೆಸರನ್ನು ಹೊತ್ತವು. ಮೋಡದ ಪಕ್ಕದ ಸೂರ್ಯನನ್ನು ನಮ್ಮ ಜಿನಸೇನರು ಅದಕ್ಕೆ ಸಾವಿರ ವರ್ಷ ಮೊದಲೇ ಓದಿದ್ದರು.

ಇನ್ನು ಗುಣಭದ್ರರ ವಿಷಯ. ಅವರ ಪಾಲಿಗೆ ಬಂದದ್ದು ಇಪ್ಪತ್ತಮೂವರು ತಾಯಂದಿರು, ಒಬ್ಬೊಬ್ಬಳಿಗೂ ಅದೇ ಹದಿನಾರು ಕನಸು. ಸಾಮಾನ್ಯ ಕವಿಯಾಗಿದ್ದರೆ ಇಪ್ಪತ್ತಮೂರು ಸಲ ಬೇಸರ ತರಿಸುತ್ತಿದ್ದನು. ಇವರು ಆ ಪ್ರಸಂಗಗಳನ್ನು ಚುಟುಕಾಗಿ ಮುಗಿಸಿ, ತಮ್ಮ ಕೌಶಲವನ್ನು ಬೇರೆಡೆಗೆ ಕಾದಿರಿಸಿಕೊಂಡರು. ಶಾಂತಿನಾಥನ ಪೂರ್ವಭವಗಳ ನಡುವೆ ಬರುವ ಅಮೋಘಜಿಹ್ವನ ಕಥೆ ಅಂಥದೊಂದು. ಇಡೀ ಉತ್ತರಪುರಾಣದಲ್ಲಿ ನನಗೆ ಅಚ್ಚುಮೆಚ್ಚಾದ ಭಾಗವಿದು.

ಅಮೋಘಜಿಹ್ವನು ಆಕಾಶ, ಭೂಮಿ, ಅಂಗ, ಸ್ವರ, ವ್ಯಂಜನ, ಲಕ್ಷಣ, ಛಿನ್ನ, ಸ್ವಪ್ನ ಎಂಬ ಅಷ್ಟಾಂಗ ನಿಮಿತ್ತಗಳನ್ನು ಬಲ್ಲವನು. ಹಿಂದೆ ದೀಕ್ಷೆ ವಹಿಸಿದ್ದು, ಅದನ್ನು ಸಹಿಸಲಾರದೆ ಬಿಟ್ಟು ಸಂಸಾರಿಯಾದವನು. ಸಂಪಾದನೆಯ ಕಡೆಗೆ ಲಕ್ಷ್ಯವಿಲ್ಲ. ಹೊತ್ತೆಲ್ಲ ಶಾಸ್ತ್ರದಲ್ಲಿಯೇ ಕಳೆಯುತ್ತದೆ. ಮನೆಯಲ್ಲಿದ್ದುದೆಲ್ಲ ಕರಗಿತು. ಒಂದು ದಿನ ಊಟದ ಹೊತ್ತಿಗೆ ಹೆಂಡತಿ ಸಿಟ್ಟಿನಿಂದ, ಅವನು ಗಳಿಸಿದ ಐಶ್ವರ್ಯ ಇದೇ ಎಂದು, ಅವನ ಕವಡೆಗಳ ರಾಶಿಯನ್ನು ಊಟದ ಪಾತ್ರೆಗೆ ಸುರಿದಳು. ಅವಮಾನಗೊಂಡು ಏಳಬೇಕಾದವನು ಏಳಲಿಲ್ಲ. ಅಲ್ಲಿ ಎರಡು ಸಂಗತಿಗಳು ಅವನ ಕಣ್ಣಿಗೆ ಬಿದ್ದವು: ಸ್ಫಟಿಕದ ಮೇಲೆ ಬಿದ್ದ ಬಿಸಿಲಿನ ಕಿರಣ, ಕೈತೊಳೆಯಲೆಂದು ಆಕೆ ಸುರಿದ ನೀರಿನ ಧಾರೆ. ಅಭಿಷೇಕದೊಡನೆ ತನಗೆ ಅರ್ಥಲಾಭವಾಗುವುದೆಂದು ಅವನು ನಿಶ್ಚಯಿಸಿಕೊಂಡನು. ಹೊಳಪು ರತ್ನಕ್ಕೆ, ಧಾರೆ ಅಭಿಷೇಕಕ್ಕೆ ಎಂದು ನಾವು ಬಿಡಿಸಿಕೊಳ್ಳಬಹುದು. ಬರಿಯ ಬಿಸಿಲಾಗಿದ್ದರೆ ಹಸಿವನ್ನೂ ಬರಿಯ ನೀರಾಗಿದ್ದರೆ ಹೆಂಡತಿಯ ಕೋಪವನ್ನೂ ಹೇಳುತ್ತಿದ್ದುವೋ ಏನೋ!

ಅಲ್ಲಿಂದ ಅವನು ಪೋದನಪುರದ ಅರಮನೆಗೆ ಬಂದು, ಏಳನೆಯ ದಿನ ಪೋದನಪುರದ ಒಡೆಯನ ತಲೆಯ ಮೇಲೆ ಸಿಡಿಲೆರಗುವುದೆಂದು ತಿಳಿಸಿದನು. ಕೆರಳಿದ ಯುವರಾಜನು ಇವನ ತಲೆಯ ಮೇಲೆ ಬೀಳುವುದೇನೆಂದು ಕೇಳಲು, ಅಭಿಷೇಕದೊಡನೆ ರತ್ನವೃಷ್ಟಿಯೆಂದು ಶಾಂತವಾಗಿ ಉತ್ತರ ಕೊಟ್ಟನು. ಆಸ್ಥಾನದಲ್ಲಿ ಗಲಿಬಿಲಿ. ಶ್ರೀವಿಜಯ ರಾಜನನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಸಮುದ್ರದಲ್ಲಿ ಇಳಿಸೋಣವೆಂದು ಒಬ್ಬ ಮಂತ್ರಿ, ಬೆಟ್ಟದ ಗುಹೆಯಲ್ಲಿ ಅಡಗಿಸೋಣವೆಂದು ಇನ್ನೊಬ್ಬ. ಮತಿಸಾಗರನೆಂಬ ಮಂತ್ರಿ ಮಾತ್ರ ಆದೇಶವನ್ನೇ ಮತ್ತೊಮ್ಮೆ ಓದಿದನು. ನಿಮಿತ್ತ ಹೇಳಿದ್ದು ಪೋದನಪುರದ ಒಡೆಯನೆಂದು, ಶ್ರೀವಿಜಯನೆಂದಲ್ಲ. ಆದುದರಿಂದ ಒಡೆಯನನ್ನು ಬದಲಾಯಿಸಿದರಾಯಿತು. ಸಿಂಹಾಸನದ ಮೇಲೆ ಯಕ್ಷನ ಪ್ರತಿಮೆಯನ್ನು ಕೂರಿಸಿ ಅದಕ್ಕೇ ರಾಜಮರ್ಯಾದೆ ಸಲ್ಲಿಸಿದರು. ರಾಜನು ರಾಜ್ಯದ ಹಂಬಲವನ್ನು ತೊರೆದು ಜಿನಾಲಯದಲ್ಲಿ ಪೂಜೆಯಲ್ಲಿ ಕುಳಿತನು. ಏಳನೆಯ ದಿನ ಸಿಡಿಲು ಪ್ರತಿಮೆಗೆ ಬಡಿಯಿತು. ನಿಮಿತ್ತಜ್ಞನಿಗೆ ಗ್ರಾಮಗಳು ದೊರೆತವು.

ಇಲ್ಲಿ ಗುಣಭದ್ರರು ಯಾರ ಪಕ್ಷವನ್ನು ವಹಿಸಿದ್ದಾರೆಂದು ಕೇಳಬೇಕಾಗುತ್ತದೆ. ಶಾಸ್ತ್ರ ಸುಳ್ಳಾಗಲಿಲ್ಲ, ರಾಜನೂ ಸಾಯಲಿಲ್ಲ. ಚಿಹ್ನೆಯನ್ನು ಕೂಡಿಸಿ ಓದುವವನು ಎಷ್ಟು ಬಲ್ಲನೋ, ಆ ಓದನ್ನು ಬಿಡಿಸಿ ಓದುವ ಮಂತ್ರಿಯೂ ಅಷ್ಟೇ ಬಲ್ಲನು. ಸಿಡಿಲು ಪೀಠವನ್ನು ಗುರುತಿಸಿತ್ತು. ಪೀಠದಲ್ಲಿ ಯಾರು ಕೂರಬೇಕೆಂಬುದು ಮನುಷ್ಯರ ಕೈಯಲ್ಲಿಯೇ ಉಳಿದಿತ್ತು. ಎರಡನೆಯ ಕೃಷ್ಣನಿಗೆ ಬಾಲ್ಯದಲ್ಲಿ ಗುಣಭದ್ರರೇ ವಿದ್ಯೆ ಕಲಿಸಿದರೆಂಬ ಪ್ರತೀತಿಯಿದೆ. ಅದು ನಿಜವಾದರೆ, ಒಬ್ಬ ರಾಜಕುಮಾರನಿಗೆ ಹೇಳಲು ಇದಕ್ಕಿಂತ ತಕ್ಕ ಕಥೆ ಇನ್ನೊಂದಿಲ್ಲ.

ಅವರ ಇತರ ಕೃತಿಗಳಲ್ಲಿ ಆತ್ಮಾನುಶಾಸನವು ಇಂದಿಗೂ ಪಾರಾಯಣದಲ್ಲಿದೆ. ಜಿನದತ್ತಚರಿತವೆಂಬುದೊಂದು ಚಿಕ್ಕ ಕಾವ್ಯವೂ ಅವರ ಹೆಸರಿನಲ್ಲಿದೆ. ಶಿಷ್ಯರಲ್ಲಿ ಮುಖ್ಯರು ಲೋಕಸೇನರು. ಬಂಕಾಪುರದ ಪೂಜೆಯನ್ನೂ ಲೋಕಾದಿತ್ಯನ ಆಳ್ವಿಕೆಯನ್ನೂ ಹೇಳುವ ಪ್ರಶಸ್ತಿಯ ಕೊನೆಯ ಭಾಗವು ಅವರದೆಂದು ವಿದ್ವಾಂಸರ ಅಭಿಪ್ರಾಯ. ಇಲ್ಲಿಯೂ ಗುರುವಿನ ಗ್ರಂಥದ ತುದಿಗೆ ಶಿಷ್ಯನ ಕೈಬರಹವೇ ಬಂದಿತು.

ಊರಿನ ವಿದ್ಯಾಕೀರ್ತಿ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಶತಮಾನದಲ್ಲಿ ಅಜಿತಸೇನಾಚಾರ್ಯರು ಬಂಕಾಪುರದಲ್ಲಿ ನೆಲೆಸಿದ್ದರು. ಗಂಗರ ಮಾರಸಿಂಹನು ಕ್ರಿ.ಶ. ೯೭೪ರಲ್ಲಿ ರಾಜ್ಯವನ್ನು ತೊರೆದು ಬಂದು ಅವರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದನು. ಅವರ ಶಿಷ್ಯನಾದ ಚಾವುಂಡರಾಯನು ಜಿನಸೇನ-ಗುಣಭದ್ರರ ಮಹಾಪುರಾಣವನ್ನು ಆಧರಿಸಿ ಕ್ರಿ.ಶ. ೯೭೮ರಲ್ಲಿ ಅರುವತ್ತಮೂವರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದನು.