ಬಂದರಿನ ಕೂಲಿಗಳ ಕಾರ್ಡಿನಲ್

ಗುತ್ತಿಗೆ ಕೂಲಿಯ ಗೋಳು ಇಂದು ನಿನ್ನೆಯದಲ್ಲ. 1889ರಲ್ಲಿ ಲಂಡನ್ ಬಂದರಿನ ಗೇಟಿನ ಮುಂದೆ ಪ್ರತಿದಿನ ಸಾವಿರಾರು ಜನ ಕೆಲಸಕ್ಕಾಗಿ ನೂಕಾಡುತ್ತಿದ್ದರು. ಸಿಕ್ಕರೆ ಗಂಟೆಗೆ 5 ಪೆನ್ಸ್, ಅದೂ ಒಂದೆರಡು ಗಂಟೆಗೆ. ಗುತ್ತಿಗೆ ಕೆಲಸದಲ್ಲಿ ಮಿಕ್ಕ ಹಣದ ಲೆಕ್ಕ ಕೂಲಿಯವನಿಗೆ ತಿಳಿಯುತ್ತಲೇ ಇರಲಿಲ್ಲ. ಆಗಸ್ಟ್ 14ರಂದು ಮುಷ್ಕರ ಹೂಡಿದರು. 6 ಪೆನ್ಸ್ ಕೂಲಿ ಬೇಕು, ಗುತ್ತಿಗೆ ಪದ್ಧತಿ ಹೋಗಬೇಕು ಎಂದರು.

ವೆಸ್ಟ್‌ಮಿನ್‌ಸ್ಟರ್‌ನ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಹೆನ್ರಿ ಮ್ಯಾನಿಂಗ್‌ರವರಿಗೆ ಆಗ 81 ವರ್ಷ. ತಂದೆ ದೊಡ್ಡ ವರ್ತಕರು, ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದವರು. ಮಗ ಆಂಗ್ಲಿಕನ್ ಗುರುವಾಗಿದ್ದು 1851ರಲ್ಲಿ ಕಥೋಲಿಕ ಧರ್ಮಸಭೆಗೆ ಬಂದರು. ಕೂಲಿಗಳಲ್ಲಿ ಅನೇಕರು ಐರಿಷ್ ಕಥೋಲಿಕರು. ಹಸಿದಿದ್ದುದು ಅವರದೇ ಮಂದೆ.

ವೃದ್ಧ ಕಾರ್ಡಿನಲ್ ತಾವಾಗಿಯೇ ಹೋಗಿ ಕಂಪನಿಯ ನಿರ್ದೇಶಕರನ್ನು ಕಂಡರು. ಫಲ ಸಿಗಲಿಲ್ಲ. ಹೊಸ ಕೂಲಿ ಜನವರಿಯಿಂದ ಎಂಬ ಮಾತನ್ನು ಕಾರ್ಮಿಕರು ತಳ್ಳಿಹಾಕಿದಾಗ ಜೊತೆಗಿದ್ದ ಆಂಗ್ಲಿಕನ್ ಬಿಷಪ್ಪರು ಸಂಧಾನದಿಂದ ಹಿಂದೆ ಸರಿದರು. ಇವರು ಸರಿಯಲಿಲ್ಲ. ಸೆಪ್ಟೆಂಬರ್ 10ರಂದು ಪಾಪ್ಲರ್‌ನ ಕಥೋಲಿಕ ಶಾಲೆಯೊಂದರಲ್ಲಿ ಮುಷ್ಕರ ಸಮಿತಿಯೊಡನೆ ಗಂಟೆಗಟ್ಟಲೆ ಕುಳಿತರು. ಹಟ ಹಿಡಿದರೆ ನರಳುವವರು ಹೆಂಡಿರು ಮಕ್ಕಳು ಎಂಬುದನ್ನು ಮನಗಾಣಿಸಿದರು. ಅವರ ತಲೆಯ ಮೇಲ್ಗಡೆ ಮಾತೆ ಮರಿಯಳ ಕೆತ್ತನೆಯಿತ್ತು. ಅದರ ಸುತ್ತ ಬೆಳಕು ಕಂಡಿತೆಂದು ಕೆಲವರು ಆಮೇಲೆ ಹೇಳಿಕೊಂಡರು. ನನಗಂತೂ ಆ ಮುದುಕರ ತಾಳ್ಮೆಯೇ ಹೆಚ್ಚಿನ ಪವಾಡ.

ಒಪ್ಪಂದವಾಯಿತು. ನವೆಂಬರ್ 4ರಿಂದ ಗಂಟೆಗೆ 6 ಪೆನ್ಸ್; ಗುತ್ತಿಗೆಯ ಬದಲು ತುಂಡುಗೆಲಸ, ಅದರಲ್ಲೂ 6 ಪೆನ್ಸಿಗೆ ಕಡಿಮೆಯಿಲ್ಲ, ಮಿಕ್ಕಿದ್ದು ಎಲ್ಲರಿಗೂ ಸಮಪಾಲು. ಸೆಪ್ಟೆಂಬರ್ 16ರಂದು ಕೆಲಸ ಮತ್ತೆ ಶುರುವಾಯಿತು. 1892ರ ಜನವರಿಯಲ್ಲಿ ಕಾರ್ಡಿನಲ್ ತೀರಿಕೊಂಡಾಗ ಲಂಡನ್ನಿನ ಬಡವರು ಬೀದಿ ತುಂಬಾ ನೆರೆದಿದ್ದರು.