ಅಚ್ಚಿನ ಮೊಳೆ ಜೋಡಿಸಿದ ರಾಷ್ಟ್ರಪತಿ

ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡು ಎಂದು ಕನ್ನಡ ಮೇಡಂ ಹೇಳಿದಾಗ, ಸುಲಭವಾಗುತ್ತದೆ ಎಂದುಕೊಂಡು ನಾನು ಡಾ. ಜಾಕಿರ್ ಹುಸೇನ್ ಅವರನ್ನು ಆರಿಸಿಕೊಂಡೆ. ನಮ್ಮ ದೇಶದ ಮೂರನೆಯ ರಾಷ್ಟ್ರಪತಿ, ಭಾರತರತ್ನ ಎಂಬುದಷ್ಟೇ ನನಗೆ ಗೊತ್ತಿತ್ತು. ಲೈಬ್ರರಿಯಲ್ಲಿ ಅವರ ಜೀವನಚರಿತ್ರೆ ಓದುತ್ತಾ ಹೋದಂತೆ ನನ್ನದೇ ಒಂದು ಸುಳ್ಳಿನ ಬಗ್ಗೆ ನನಗೆ ನಾಚಿಕೆಯಾಯಿತು. ಅದನ್ನೂ ಇಲ್ಲಿ ಬರೆಯುತ್ತೇನೆ.

ಎಸ್ಸೆಸ್ಸೆಲ್ಸಿ ಮುಗಿದ ರಜೆಯಿಂದ ನಾನು ನಮ್ಮ ಚಾಚಾ ಅವರ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಿದ್ದೇನೆ. ಈಗ ಭಾನುವಾರ ಮಾತ್ರ. ಹಾಳೆ ಮಡಚುವುದು, ಪಿನ್ ಹೊಡೆಯುವುದು, ಬಿಲ್ ಬುಕ್ಕಿಗೆ ನಂಬರ್ ಹಾಕುವುದು ನನ್ನ ಕೆಲಸ. ಒಂದು ಸೋಮವಾರ ನನ್ನ ಬೆರಳಿನ ಇಂಕು ಕಂಡು ಗೆಳೆಯನೊಬ್ಬ ಏನೆಂದು ಕೇಳಿದ. ತಂಗಿಗೆ ಚಾರ್ಟ್ ಮಾಡಿಕೊಟ್ಟೆ ಎಂದು ಸುಳ್ಳು ಹೇಳಿದೆ. ನಮ್ಮ ಕಡೆ ಓದು ತಲೆಗೆ ಹತ್ತದ ಹುಡುಗನನ್ನು ಗ್ಯಾರೇಜಿಗೋ ಟೈಲರ್ ಅಂಗಡಿಗೋ ಸೇರಿಸುತ್ತಾರೆ. ಕೈಕೆಲಸ ಎಂದರೆ ಫೇಲಾದವರಿಗೆ ಎಂಬ ಭಾವನೆ ನನ್ನಲ್ಲೂ ಇತ್ತು.

ಜಾಕಿರ್ ಹುಸೇನ್ ಅವರು ಹುಟ್ಟಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ತಂದೆ ವಕೀಲರು. ಮಗನಿಗೆ ಹತ್ತು ವರ್ಷವಾಗುವಾಗ ತಂದೆ ತೀರಿಕೊಂಡರು. ಕುಟುಂಬ ಉತ್ತರ ಪ್ರದೇಶದ ತಮ್ಮ ಊರು ಕಾಯಂಗಂಜ್‌ಗೆ ಮರಳಿತು. ಹುಡುಗ ಇಟಾವಾದ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, 1911ರಲ್ಲಿ, ಪ್ಲೇಗ್ ತಾಯಿಯನ್ನೂ ಕೊಂಡೊಯ್ದಿತು. ಮುಂದೆ ಡಾಕ್ಟರ್ ಆಗಬೇಕೆಂದು ಅವರು ಲಕ್ನೋದಲ್ಲಿ ವಿಜ್ಞಾನಕ್ಕೆ ಸೇರಿದರು. ಕಾಯಿಲೆ ಬಿದ್ದು ಓದು ನಿಂತಿತು. ಮತ್ತೆ ಅಲಿಗಢಕ್ಕೆ ಬಂದು ಅರ್ಥಶಾಸ್ತ್ರದ ಕಡೆ ಹೊರಳಿದರು. ಅಂದುಕೊಂಡ ಕೋರ್ಸ್ ಸಿಗಲಿಲ್ಲವೆಂದು ಕೊರಗುವ ನಮ್ಮಂಥವರು ಇದನ್ನು ನೆನಪಿಡಬೇಕು.

1920ರಲ್ಲಿ ಅಸಹಕಾರ ಚಳವಳಿ ಶುರುವಾಯಿತು. ಬ್ರಿಟಿಷ್ ಸರ್ಕಾರದ ನೆರವಿನ ಕಾಲೇಜು ಬಿಟ್ಟು ಹೊರಬಂದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಲ್ಲಿ 23 ವರ್ಷದ ಜಾಕಿರ್ ಹುಸೇನ್ ಕೂಡ ಒಬ್ಬರು. ಅವರೆಲ್ಲ ಸೇರಿ ಅಲಿಗಢದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಕಟ್ಟಿದರು. ಎರಡು ವರ್ಷದ ನಂತರ ಅವರು ಓದಲು ಜರ್ಮನಿಗೆ ಹೋದರು. ಬರ್ಲಿನ್‌ನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದರು. ಅಲ್ಲಿದ್ದಾಗಲೇ ಮಿರ್ಜಾ ಗಾಲಿಬರ ಕವನಸಂಗ್ರಹವನ್ನು ಚಂದವಾಗಿ ಅಚ್ಚು ಹಾಕಿಸಬೇಕೆಂಬ ಆಸೆಯಾಯಿತು. ಬರ್ಲಿನ್‌ನ ಕಾವಿಯಾನಿ ಮುದ್ರಣಾಲಯದಲ್ಲಿ ಅವರು ತಾವೇ ಕುಳಿತು ಅಚ್ಚಿನ ಮೊಳೆ ಜೋಡಿಸಿದರು. ಮುಂದೆ ರಾಷ್ಟ್ರಪತಿ ಭವನದಲ್ಲಿ ಕೂರಲಿದ್ದ ಆ ಕೈಗೂ ಒಂದು ಕಾಲದಲ್ಲಿ ನನ್ನ ಕೈಯಂತೆ ಇಂಕು ಮೆತ್ತಿತ್ತು! ಈ ಪುಟ ಓದಿದ ಮೇಲೆ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆಗ ಜರ್ಮನಿಯಲ್ಲಿ ಕೆರ್ಷೆನ್‌ಸ್ಟೈನರ್ ಎಂಬ ಶಿಕ್ಷಣತಜ್ಞರ ಹೆಸರು ದೊಡ್ಡದಾಗಿತ್ತು. ಶಾಲೆಯಲ್ಲಿ ಪಾಠದ ಜೊತೆ ಕಸುಬನ್ನೂ ಕಲಿಸಬೇಕು ಎಂಬುದು ಅವರ ವಿಚಾರ. ಅದು ಜಾಕಿರ್ ಹುಸೇನ್ ಅವರ ಮನಸ್ಸಿನಲ್ಲಿ ಬೇರೂರಿತು.

ಅಷ್ಟರಲ್ಲಿ ಜಾಮಿಯಾ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು, ಅಲಿಗಢದಿಂದ ದೆಹಲಿಗೆ ಸ್ಥಳಾಂತರವಾಗಿತ್ತು. ಅವರು ಇಬ್ಬರು ಗೆಳೆಯರೊಂದಿಗೆ 1926ರಲ್ಲಿ ಮರಳಿ ಬಂದು, 29ನೇ ವಯಸ್ಸಿಗೇ ಅದರ ಮುಖ್ಯಸ್ಥರಾದರು. ಅವರೂ ಅವರ ಸಂಗಡಿಗರೂ ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳದೆ 20 ವರ್ಷ ದುಡಿಯುವ ಪಣ ತೊಟ್ಟರು. ಜಾಮಿಯಾದ ಶಾಲೆಯಲ್ಲಿ ಮಕ್ಕಳೇ ನಡೆಸುವ ಬ್ಯಾಂಕ್ ಇತ್ತು, ಮಕ್ಕಳದೇ ಅಂಗಡಿ ಇತ್ತು. ಲೆಕ್ಕದ ಪಾಠ ಅಲ್ಲಿ ಕರಿಹಲಗೆಯಲ್ಲಿ ಮಾತ್ರ ಉಳಿಯಲಿಲ್ಲ.

1937ರ ಅಕ್ಟೋಬರ್‌ನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಏಳು ವರ್ಷದ ಉಚಿತ, ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಪಾಠ, ಒಂದು ಕಸುಬಿನ ಸುತ್ತ ಕಲಿಕೆ ಎಂಬ ಯೋಜನೆ ಅಲ್ಲಿ ರೂಪುಗೊಂಡಿತು. ಅದರ ವಿವರ ಸಿದ್ಧಪಡಿಸುವ ಸಮಿತಿಗೆ ಜಾಕಿರ್ ಹುಸೇನ್ ಅಧ್ಯಕ್ಷರಾದರು. ಅವರ ವರದಿ ದಿನದ ಐದೂವರೆ ಗಂಟೆಯಲ್ಲಿ 3 ಗಂಟೆ 20 ನಿಮಿಷವನ್ನು ನೂಲುವಿಕೆ, ಮರಗೆಲಸ, ಬೇಸಾಯದಂಥ ಕಸುಬಿಗೆ ಮೀಸಲಿಟ್ಟಿತು.

ಹಾಗೆಂದು ಅವರು ಕೆಲಸವನ್ನೆಲ್ಲ ಶಿಕ್ಷಣವೆಂದು ಕರೆಯಲಿಲ್ಲ. ಮಕ್ಕಳು ಮಾಡಿದ ವಸ್ತುಗಳ ಮಾರಾಟದಿಂದ ಶಿಕ್ಷಕರ ಸಂಬಳ ಹುಟ್ಟಬೇಕೆಂದು ಗಾಂಧೀಜಿ ಬಯಸಿದ್ದರು. ಆದಾಯದ ಮೇಲೇ ಕಣ್ಣಿಟ್ಟರೆ ಶಿಕ್ಷಕರು ಮಕ್ಕಳನ್ನು ಬರೀ ದುಡಿಸಿಕೊಂಡಾರು ಎಂಬ ಆತಂಕ ಜಾಕಿರ್ ಹುಸೇನ್ ಅವರಿಗಿತ್ತು. ವರದಿಯಲ್ಲೂ ಈ ಎಚ್ಚರಿಕೆ ಸೇರಿತು. ಅವರ ಪ್ರಕಾರ, ಮಾಡುವವನು ಮೊದಲು ಯೋಚಿಸಬೇಕು, ಯೋಜನೆ ಹಾಕಬೇಕು, ಮಾಡಿ ಮುಗಿಸಬೇಕು, ಕೊನೆಗೆ ತನ್ನ ಕೆಲಸವನ್ನು ತಾನೇ ಒರೆಗೆ ಹಚ್ಚಬೇಕು. ಆಗ ಮಾತ್ರ ಕೆಲಸ ಶಿಕ್ಷಣವಾಗುತ್ತದೆ. ದೇಶದಲ್ಲಿ ಈ ಯೋಜನೆ ಜಾರಿಯಾದ ರೀತಿಯ ಬಗ್ಗೆ ಮುಂದೆ ಅವರೇ ಬೇಸರಪಟ್ಟರು.

ನಂತರದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿ, ಬಿಹಾರದ ರಾಜ್ಯಪಾಲ, 1962ರಲ್ಲಿ ಉಪರಾಷ್ಟ್ರಪತಿ, 1967ರಲ್ಲಿ ರಾಷ್ಟ್ರಪತಿ. ಅಧಿಕಾರದಲ್ಲಿದ್ದಾಗಲೇ 1969ರ ಮೇ 3ರಂದು ತೀರಿಕೊಂಡರು. ಅವರ ಸಮಾಧಿ ಇರುವುದು ಅವರೇ ಬೆಳೆಸಿದ ಜಾಮಿಯಾದ ಆವರಣದಲ್ಲಿ.

ಅವರ ಆ ಮಾತಿನ ಅರ್ಥ ನನಗೆ ಪ್ರೆಸ್ಸಿನಲ್ಲೇ ಆಗಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ. ಒಮ್ಮೆ ನಂಬರ್ ಹಾಕುವಾಗ ಒಂದು ಹಾಳೆ ತಪ್ಪಿಸಿ ಹತ್ತು ಬಿಲ್ ಬುಕ್ ಹಾಳು ಮಾಡಿದ್ದೆ. ಚಾಚಾ ಬೈಯಲಿಲ್ಲ. ಕಾಗದ ಎಷ್ಟು, ಕೂಲಿ ಎಷ್ಟು, ನಷ್ಟ ಎಷ್ಟು ಎಂದು ನನ್ನ ಕೈಯಿಂದಲೇ ಲೆಕ್ಕ ಬರೆಸಿದರು. ತಪ್ಪು ಎಲ್ಲಿ ಶುರುವಾಯಿತೆಂದು ನಾನೇ ಹುಡುಕಬೇಕಾಯಿತು. ಅಕೌಂಟೆನ್ಸಿ ಕ್ಲಾಸಿನಲ್ಲಿ ಖರ್ಚಿನ ಲೆಕ್ಕ ಬಂದ ದಿನ ನನಗೆ ಅದು ಹೊಸದೆನಿಸಲಿಲ್ಲ.

ಗೆಳೆಯರೇ, ರಜೆಯಲ್ಲಿ ಒಂದು ಕಸುಬನ್ನು ಹತ್ತಿರದಿಂದ ನೋಡೋಣ. ಗ್ಯಾರೇಜ್ ಇರಲಿ, ವೈರಿಂಗ್ ಇರಲಿ, ಹೊಲಿಗೆ ಇರಲಿ, ಹೇಳಿದಷ್ಟು ಮಾಡಿ ಬರುವ ಬದಲು ಹೀಗೇಕೆ ಮಾಡುತ್ತಾರೆ ಎಂದು ಉಸ್ತಾದರನ್ನು ಕೇಳೋಣ. ಮುಂದೆ ಡಿಗ್ರಿಗೆ ಹೋಗುವವರಿಗೂ ಐಟಿಐ, ಡಿಪ್ಲೊಮಾ ಸೇರುವವರಿಗೂ ಅದು ಉಪಯೋಗಕ್ಕೆ ಬರುತ್ತದೆ. ನಮ್ಮ ಅಧ್ಯಾಪಕರಲ್ಲೂ ಒಂದು ವಿನಂತಿ: ರಜೆಯಲ್ಲಿ ಯಾವ ಕೆಲಸ ಕಲಿತಿರಿ ಎಂದು ಕ್ಲಾಸಿನಲ್ಲಿ ಒಮ್ಮೆ ಕೇಳಿ. ಹೇಳಲು ನಾಚಿಕೊಳ್ಳುವ ನನ್ನಂಥವರು ಇನ್ನೂ ಇರಬಹುದು.

ಕಳೆದ ವಾರ ಆ ಗೆಳೆಯನಿಗೆ ನಿಜ ಹೇಳಿದೆ. ಅವನು ನಗಲಿಲ್ಲ. ಪರೀಕ್ಷೆ ಮುಗಿದ ಮೇಲೆ ಪ್ರೆಸ್ಸಿನಲ್ಲಿ ತನಗೂ ಕೆಲಸ ಸಿಗುತ್ತದೆಯೇ ಎಂದು ಕೇಳಿದ. ಚಾಚಾ ಅವರನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.