ಕಾಗದದ ಮೇಲೆ ಅಂಗಿ ಬರೆದ ದರ್ಜಿ: ಎಬನೀಜರ್ ಬಟರಿಕ್

ಪ್ರತಿವರ್ಷವೂ ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಮಹನೀಯರ ಜೀವನಚರಿತ್ರೆಗಳು ಒಂದೆರಡಾದರೂ ಇದ್ದೇ ಇರುತ್ತವೆ. ಅರಸರು, ಕವಿಗಳು, ದೇಶಭಕ್ತರು, ವಿಜ್ಞಾನಿಗಳು ಇವರ ಸಾಲಿನಲ್ಲಿ ಒಬ್ಬ ದರ್ಜಿಯನ್ನು ತಂದು ನಿಲ್ಲಿಸುವ ಸಾಹಸಕ್ಕೆ ನಾನು ಈ ಸಲ ಕೈಯಿಕ್ಕಿದ್ದೇನೆ. ನಮ್ಮ ನಾಡಿಗೆ ಇದು ತೀರ ಹೊಸದೇನೂ ಅಲ್ಲ. ಶರಣರ ಸಮೂಹದಲ್ಲಿ ಸೂಜಿಕಾಯಕದ ರಾಮಿತಂದೆಗೂ ಸ್ಥಾನವಿತ್ತಷ್ಟೆ. ನಾನು ಹೇಳಹೊರಟಿರುವ ದರ್ಜಿ ಮಾತ್ರ ದೂರದ ಅಮೇರಿಕೆಯವನು, ಹೆಸರು ಎಬನೀಜರ್ ಬಟರಿಕ್. ಹೊಲಿಗೆ ಕಲಿತವರಲ್ಲಿ ಈ ಹೆಸರನ್ನು ಪ್ಯಾಟರ್ನಿನ ಲಕೋಟೆಯ ಮೇಲೆ ಓದಿದವರು ಬಹಳ ಮಂದಿ ಇದ್ದಾರೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನೂ ಅವನ ಹೆಂಡತಿಯೂ ಇದ್ದರೆಂಬುದನ್ನು ನೆನೆಯುವವರು ಕಡಿಮೆ.

ಬಟರಿಕ್ಕನು ೧೮೨೬ನೆಯ ಮೇ ೨೯ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಟರ್ಲಿಂಗ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಬಡಗಿ. ಮಗನು ಉಳಿಯನ್ನು ಬಿಟ್ಟು ಕತ್ತರಿಯನ್ನು ಹಿಡಿದನು. ಅಳತೆ ತೆಗೆದು, ಗುರುತು ಹಾಕಿ, ಕತ್ತರಿಸಿ, ಕೂಡಿಸುವುದು ಎರಡು ಕಸುಬುಗಳಿಗೂ ಸಮಾನವೇ ಆದುದರಿಂದ ತಂದೆಯ ವಿದ್ಯೆ ಮಗನಲ್ಲಿ ಪೂರ್ತಿ ವ್ಯರ್ಥವಾಯಿತೆಂದು ನನಗೆ ತೋರುವುದಿಲ್ಲ. ಅವನು ದರ್ಜಿಯ ಕೆಲಸವನ್ನು ಕ್ರಮವಾಗಿ ಕಲಿತು, ಗಂಡಸರ ಅಂಗಿಗಳನ್ನು ಹೊಲಿದು ಜೀವನ ಸಾಗಿಸುತ್ತಿದ್ದನು. ಎಲೆನ್ ಅಗಸ್ಟಾ ಪೊಲಾರ್ಡ್ ಎಂಬಾಕೆಯನ್ನು ಮದುವೆಯಾದನು. ಮೂವತ್ತೈದು ವರ್ಷ ದಾಟುವವರೆಗೆ ಅವನ ಬಾಳಿನಲ್ಲಿ ಬರೆದಿಡುವಂಥ ವಿಶೇಷವೇನೂ ಕಾಣದು.

ವಿಶೇಷವಿದ್ದುದು ಕಾಲದಲ್ಲಿ. ೧೮೪೬ರಲ್ಲಿ ಎಲಿಯಸ್ ಹೋ ಎಂಬವನು ಹೊಲಿಗೆ ಯಂತ್ರಕ್ಕೆ ಸನ್ನದು ಪಡೆದಿದ್ದನು. ೧೮೫೧ರಲ್ಲಿ ಐಸಾಕ್ ಸಿಂಗರನು ತನ್ನ ಯಂತ್ರಕ್ಕೆ ಪಡೆದನು. ಸಿಂಗರನ ಕಂಪನಿಯು ಕಂತಿನ ಮೇಲೆ ಯಂತ್ರಗಳನ್ನು ಮಾರತೊಡಗಿದ್ದರಿಂದ ಸಾಧಾರಣ ಸಂಸಾರಗಳ ಮನೆಯೊಳಗೂ ಅವು ಬಂದು ಕುಳಿತವು. ಹೊಲಿಯುವ ವೇಗವೇನೋ ಕೈಗೆ ಸಿಕ್ಕಿತು. ಆದರೆ ಹೊಲಿಯುವುದಕ್ಕೆ ಮುಂಚೆ ಅರಿವೆಯನ್ನು ಕತ್ತರಿಸಬೇಕಲ್ಲವೆ? ಕಂಕುಳಿನ ಬಾಗು ಎಷ್ಟು, ಹೆಗಲಿನ ಇಳಿಜಾರು ಎಷ್ಟು, ಕೊರಳನ್ನು ಎಲ್ಲಿಯವರೆಗೆ ಕೊರೆಯಬೇಕು ಎಂಬುದು ದರ್ಜಿಯ ಅಂಗಡಿಯ ಗುಟ್ಟಾಗಿಯೇ ಉಳಿದಿತ್ತು. ತಪ್ಪಾಗಿ ಹೊಲಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ತಪ್ಪಾಗಿ ಕತ್ತರಿಸಿದ ಅರಿವೆ ಹೋಯಿತೆಂದೇ ಲೆಕ್ಕ. ಮನೆಯಲ್ಲಿ ಯಂತ್ರವಿದ್ದೂ ಹೆಂಗಸರು ಕತ್ತರಿಯನ್ನು ಹಿಡಿಯಲು ಅಂಜುತ್ತಿದ್ದುದರ ಕಾರಣ ಇದು. ನಮ್ಮ ಊರ ಕಡೆಯ ಮನೆಗಳಲ್ಲಿ ಈಗಲೂ ಅನೇಕರ ಸ್ಥಿತಿ ಹೀಗೆಯೇ ಇದೆ.

ಕಾಗದದ ಮಾದರಿಗಳು ಆಗ ಇರಲೇ ಇಲ್ಲವೆಂದಲ್ಲ. ಸ್ತ್ರೀಯರ ಮಾಸಪತ್ರಿಕೆಗಳು ಚಿತ್ರಗಳನ್ನು ಅಚ್ಚುಹಾಕುತ್ತಿದ್ದವು. ನ್ಯೂಯಾರ್ಕಿನಲ್ಲಿ ಎಲೆನ್ ಕರ್ಟಿಸ್ ಡೆಮೊರೆಸ್ಟ್ ಎಂಬ ಚತುರ ಮಹಿಳೆ ಬಟರಿಕ್ಕನಿಗಿಂತ ಮೊದಲೇ ಕಾಗದದ ಮಾದರಿಗಳನ್ನು ಮಾರಾಟಕ್ಕೆ ತಂದಿದ್ದಳು. ಆದರೆ ಆ ಕಾಲದ ಮಾದರಿಗಳು ಬಹುಮಟ್ಟಿಗೆ ಒಂದೇ ಗಾತ್ರದವು. ಕೊಂಡವರು ತಮ್ಮ ಮೈಗೆ ತಕ್ಕಂತೆ ತಾವೇ ಹಿಗ್ಗಿಸಿ ಕುಗ್ಗಿಸಿಕೊಳ್ಳಬೇಕು. ಅದು ಬಲ್ಲವರಿಗೆ ಮಾದರಿಯೇ ಬೇಕಿರಲಿಲ್ಲ!

ಮುಂದಿನದು ಬಟರಿಕ್ ಮನೆತನದ ಸಂಸ್ಥೆಯೇ ಹೇಳಿಕೊಂಡು ಬಂದ ಕಥೆ. ಹಿಮ ಸುರಿಯುತ್ತಿದ್ದ ಒಂದು ದಿನ ಎಲೆನ್ ತನ್ನ ಚಿಕ್ಕ ಮಗನಿಗೆ ಉಡುಪು ಹೊಲಿಯಲೆಂದು ಊಟದ ಮೇಜಿನ ಮೇಲೆ ಚೌಕಳಿ ಅರಿವೆಯನ್ನು ಹರವಿ ಮೇಣದ ಬಳಪದಿಂದ ಗೆರೆ ಎಳೆಯುತ್ತಿದ್ದಳು. ಕೈಲಿದ್ದ ಮಾದರಿ ಮಗನ ಮೈಗಿಂತ ದೊಡ್ಡದು. ಮಗುವಿನ ಗಾತ್ರದ್ದೇ ಮಾದರಿ ಸಿಗುವಂತಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಆಕೆ ಗಂಡನೊಡನೆ ಹೇಳಿಕೊಂಡಳಂತೆ. ಅವನು ಆ ಮಾತನ್ನು ಹಿಡಿದುಕೊಂಡನು. ಕಥೆಯ ಹಿಮವೂ ಬಳಪವೂ ಹೇಗೇ ಇರಲಿ, ೧೮೬೩ರಲ್ಲಿ ಬಟರಿಕ್ಕನ ಕಾಗದದ ಮಾದರಿಗಳು ಬೇರೆ ಬೇರೆ ಗಾತ್ರಗಳಲ್ಲಿ ಮಾರಾಟಕ್ಕೆ ಬಂದವೆಂಬುದು ಇತಿಹಾಸ. ಕೊರತೆಯನ್ನು ಕಂಡವಳು ಹೆಂಡತಿ, ಲಕೋಟೆಯ ಮೇಲೆ ಅಚ್ಚಾದುದು ಗಂಡನ ಹೆಸರು. ಈ ಚರಿತ್ರೆಯನ್ನು ಬರೆಯುವವರು ಎಲೆನಳ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಗಾತ್ರಗಳನ್ನು ಮಾಡುವುದು ಕೇಳಿದಷ್ಟು ಸುಲಭವಲ್ಲ. ಫೋಟೋ ದೊಡ್ಡದು ಮಾಡಿದಂತೆ ಮಾದರಿಯನ್ನು ಎಲ್ಲ ಕಡೆಗೂ ಸಮವಾಗಿ ಹಿಗ್ಗಿಸಿದರೆ ಏನಾಗುತ್ತದೆ? ೩೨ ಇಂಚು ಎದೆಯ ಸುತ್ತಳತೆಗೆ ೧೪ ಇಂಚು ಬೆನ್ನುದ್ದವಿರುವ ಮಾದರಿಯನ್ನು ೪೦ ಇಂಚಿಗೆ ಒಯ್ದರೆ ಬೆನ್ನುದ್ದ ಹದಿನೇಳೂವರೆ ಇಂಚಾಗಬೇಕು. ಕೊರಳು ಹೆಗಲಿನಿಂದ ಜಾರಿ ಬೀಳಬೇಕು. ಮನುಷ್ಯರ ಮೈ ಹಾಗೆ ಬೆಳೆಯುವುದಿಲ್ಲ. ಎದೆ ಎರಡು ಇಂಚು ಹೆಚ್ಚಿದರೆ ಕೊರಳು ಕೂದಲೆಳೆಯಷ್ಟು, ಹೆಗಲು ಸ್ವಲ್ಪ, ಕಂಕುಳು ಇನ್ನಷ್ಟು, ಉದ್ದ ಬಹುಶಃ ಇಲ್ಲವೇ ಇಲ್ಲ. ಯಾವ ಅಂಚು ಎಷ್ಟು ಸರಿಯಬೇಕೆಂಬ ಈ ಲೆಕ್ಕವೇ ಬಟರಿಕ್ಕನ ಬಂಡವಾಳ. ಎಷ್ಟೋ ಮೈಗಳನ್ನು ಟೇಪಿನಿಂದ ಅಳೆದ ದರ್ಜಿಯ ಅನುಭವ ಅದರ ಹಿಂದಿತ್ತು.

ಮೊದಲು ರಟ್ಟಿನ ಮೇಲೆ ಮಾಡಿ ನೋಡಿದನು. ರಟ್ಟು ಮಡಿಚದು, ಅಂಚೆಯಲ್ಲಿ ಕಳಿಸಲು ಭಾರ. ಕೊನೆಗೆ ತೆಳುವಾದ ಟಿಶ್ಯೂ ಕಾಗದವನ್ನು ಆರಿಸಿಕೊಂಡನು. ರಾಶಿ ರಾಶಿಯಾಗಿ ಒಟ್ಟಿ ಒಮ್ಮೆಗೇ ಕತ್ತರಿಸಬಹುದು; ಮಡಿಚಿ ಲಕೋಟೆಯಲ್ಲಿಟ್ಟು ಎಲ್ಲಿಗೆ ಬೇಕಾದರೂ ಕಳಿಸಬಹುದು. ಅದರ ಮೇಲೆ ಅಕ್ಷರವಾಗಲಿ ಗೆರೆಯಾಗಲಿ ಇರುತ್ತಿರಲಿಲ್ಲ. ಎಲ್ಲಿ ಮಡಿಕೆ, ಎಲ್ಲಿ ಜೋಡಣೆ ಎಂಬುದನ್ನು ಚುಚ್ಚಿದ ತೂತುಗಳೂ ಅಂಚಿನ ಕಚ್ಚುಗಳೂ ಹೇಳುತ್ತಿದ್ದವು. ಮೊದಲಿನವು ಗಂಡಸರ ಮತ್ತು ಹುಡುಗರ ಉಡುಪುಗಳು. ಆ ದಿನಗಳಲ್ಲಿ ಇಟಲಿಯ ಗ್ಯಾರಿಬಾಲ್ಡಿಯ ಕೀರ್ತಿ ಲೋಕವೆಲ್ಲ ಹಬ್ಬಿತ್ತು. ಅವನ ಸೈನಿಕ ವೇಷದ ಮಾದರಿಯಲ್ಲಿ ಹುಡುಗರಿಗೆ ಒಂದು ಉಡುಪನ್ನು ಬಟರಿಕ್ಕನು ಹೊರಡಿಸಿದನು. ಅದು ಬಿಸಿ ದೋಸೆಯಂತೆ ಖರ್ಚಾಯಿತು.

ಸ್ಟರ್ಲಿಂಗಿನಿಂದ ಹತ್ತಿರದ ಫಿಚ್‌ಬರ್ಗಿಗೆ, ಅಲ್ಲಿಂದ ೧೮೬೪ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ವ್ಯವಹಾರ ಹೋಯಿತು. ೧೮೬೭ರಲ್ಲಿ ಜೋನ್ಸ್ ವೈಲ್ಡರ್ ಮತ್ತು ಎ. ಡಬ್ಲ್ಯೂ. ಪೊಲಾರ್ಡ್ ಎಂಬವರು ಪಾಲುದಾರರಾದರು. ಇವರಲ್ಲಿ ವೈಲ್ಡರನು ಮಾರಾಟದ ಜಾಣ. ಆ ಹೊತ್ತಿಗೆ ಹೆಂಗಸರ ಉಡುಪುಗಳ ಮಾದರಿಗಳೂ ಬಂದು, ಅವೇ ಮುಖ್ಯವಾದವು. ೧೮೭೩ರಲ್ಲಿ ಡೆಲಿನಿಯೇಟರ್ ಎಂಬ ಮಾಸಪತ್ರಿಕೆ ಹುಟ್ಟಿತು; ಮಾದರಿಗಳ ಜಾಹೀರಾತಿಗೆಂದು ಹುಟ್ಟಿದ್ದು ಮುಂದೆ ಸ್ತ್ರೀಯರ ದೊಡ್ಡ ಪತ್ರಿಕೆಗಳಲ್ಲೊಂದಾಗಿ, ಕಾದಂಬರಿಕಾರ ಥಿಯೊಡೋರ್ ಡ್ರೈಸರನು ಕೂಡ ಕೆಲವು ವರ್ಷ ಅದರ ಸಂಪಾದಕನಾಗಿದ್ದನು. ೧೮೭೬ರ ಹೊತ್ತಿಗೆ ಸುಮಾರು ೧೦೦ ಶಾಖೆಗಳು, ಸಾವಿರ ಏಜೆನ್ಸಿಗಳು. ಲಂಡನ್, ಪ್ಯಾರಿಸ್ ಮೊದಲಾದೆಡೆಗಳಲ್ಲೂ ಕಛೇರಿಗಳು ತೆರೆದವು. ೧೮೮೧ರಲ್ಲಿ ಸಂಸ್ಥೆಯು ಬಟರಿಕ್ ಪಬ್ಲಿಷಿಂಗ್ ಕಂಪನಿಯಾಯಿತು. ಸಂಸ್ಥಾಪಕನು ಅದರಲ್ಲಿ ಕಾರ್ಯದರ್ಶಿಯಾಗಿ ಮಾತ್ರ ಉಳಿದು, ೧೮೯೪ರಲ್ಲಿ ನಿವೃತ್ತನಾಗಿ, ೧೯೦೩ನೆಯ ಮಾರ್ಚ್ ೩೧ರಂದು ಬ್ರೂಕ್ಲಿನ್ನಿನಲ್ಲಿ ತೀರಿಕೊಂಡನು.

ಇಷ್ಟು ಅವನ ಜೀವನ. ಆದರೆ ಅವನ ಕೆಲಸದಲ್ಲಿ ಉಳಿದ ಒಂದು ಕೊರತೆಯನ್ನು ಹೇಳದಿದ್ದರೆ ನಾನು ಈ ಲೇಖನಕ್ಕೆ ಕೈಹಾಕಿದ ಕಾರಣವೇ ತಿಳಿಯದು. ಬಟರಿಕ್ಕನು ಗಾತ್ರಗಳ ಒಂದು ಏಣಿಯನ್ನು ಕಟ್ಟಿದನು. ಮೊದಲು ಒಂದೇ ಮೆಟ್ಟಿಲಿದ್ದಲ್ಲಿ ಹಲವು ಮೆಟ್ಟಿಲುಗಳಾದವು. ಎರಡು ಮೆಟ್ಟಿಲುಗಳ ನಡುವೆ ನಿಂತವರು ಏನು ಮಾಡಬೇಕು? ಏಣಿಯ ಮೇಲೆ ಎಲ್ಲಿಯೂ ನಿಲ್ಲದವರು? ಇಂದಿನ ಸಿದ್ಧ ಉಡುಪುಗಳ ಅಂಗಡಿಯಲ್ಲಿ ೩೪, ೩೬, ೩೮ ಎಂದು ಕೇಳುವಾಗ ನಾವು ಹತ್ತುತ್ತಿರುವುದು ಇಂಥದೇ ಏಣಿಯನ್ನು.

ನಮ್ಮ ಮನೆ ಸಿಂಗಟಾಲೂರಿನಲ್ಲಿ. ಅಲ್ಲಿ ನನ್ನ ಅಕ್ಕ ಕಾಲಿನಿಂದ ತುಳಿಯುವ ಯಂತ್ರದ ಮೇಲೆ ಓಣಿಯವರಿಗೆ ಹೊಲಿದುಕೊಡುತ್ತಾಳೆ. ನಮ್ಮಲ್ಲಿ ಕುಪ್ಪಸ ಹೊಲಿಸುವುದೆಂದರೆ ಹಳೆಯದೊಂದನ್ನು ಅಳತೆಗೆಂದು ಕೊಡುವುದು; ಹಳೆಯದರಲ್ಲಿದ್ದ ದೋಷವೆಲ್ಲ ಹೊಸದಕ್ಕೂ ಬರುತ್ತದೆ. ಇನ್ನೊಂದು ಮಾತೆಂದರೆ, ಅರಿವೆಯನ್ನು ನಡುವೆ ಮಡಿಚಿ ಒಮ್ಮೆಗೇ ಕತ್ತರಿಸುವುದು ರೂಢಿ. ಹಾಗೆ ಕತ್ತರಿಸಿದರೆ ಎಡಭಾಗವೂ ಬಲಭಾಗವೂ ಒಂದೇ ಆಗಲೇಬೇಕು. ನನ್ನ ಚಿಗವ್ವನ ಮೈ ಹಾಗಿಲ್ಲ. ಎಳೆತನದಲ್ಲಿ ಬಿದ್ದು ಮುರಿದ ಬಲಗೈ ನೆಟ್ಟಗೆ ಕೂಡದೆ ಆ ಕಡೆಯ ಹೆಗಲು ತಗ್ಗಿದೆ, ತೋಳು ಸಣ್ಣದಾಗಿದೆ. ಯಾವ ಕುಪ್ಪಸ ತೊಟ್ಟರೂ ಬಲಗಡೆ ನೆರಿಗೆ ಬಿದ್ದು ಕೊರಳು ಜಾರುತ್ತಿತ್ತು. ಆಕೆ ಅದನ್ನು ಸೆರಗಿನಿಂದ ಮುಚ್ಚಿಕೊಂಡೇ ಅರ್ಧ ಆಯುಷ್ಯ ಕಳೆದಳು. ಜಾತ್ರೆಗೆ ವೀರಭದ್ರ ದೇವರ ಗುಡಿಗೆ ಹೋಗುವಾಗ ಕೂಡ ಎರಡೂ ಹೆಗಲು ಮುಚ್ಚುವಂತೆ ಸೆರಗು ಹೊದೆಯುತ್ತಿದ್ದಳು. ನಾವು ಅದನ್ನು ಹಳೆಯ ಕಾಲದ ಸಂಕೋಚವೆಂದೇ ತಿಳಿದಿದ್ದೆವು.

ಈಗ ಗಣಕಯಂತ್ರದಲ್ಲಿ ಮಾದರಿ ಬರೆಯುವ ತಂತ್ರಾಂಶಗಳು ಬಂದಿವೆ. ವ್ಯಾಲೆಂಟೀನಾ, ಅದರಿಂದ ಕವಲೊಡೆದ ಸೀಮ್ಲಿ ಎಂಬಂಥವನ್ನು ಹಣ ಕೊಡದೆಯೇ ಪಡೆಯಬಹುದು. ಇವುಗಳ ರೀತಿ ಬಟರಿಕ್ಕನ ರೀತಿಗೆ ತಿರುಗುಮುರುಗು. ಇಲ್ಲಿ ಅಳತೆಗಳು ಒಂದು ಕಡತದಲ್ಲಿ, ಮಾದರಿ ಇನ್ನೊಂದರಲ್ಲಿ ಇರುತ್ತವೆ. ಮಾದರಿಯಲ್ಲಿ ಗೆರೆಯನ್ನು ಇಷ್ಟು ಇಂಚು ಎಂದು ಎಳೆಯುವುದಿಲ್ಲ. ಎದೆಯ ಸುತ್ತಳತೆಯ ಕಾಲುಭಾಗಕ್ಕೆ ಇಷ್ಟು ಸಡಿಲ ಕೂಡಿಸು ಎಂದು ಸೂತ್ರ ಬರೆಯುತ್ತೇವೆ. ಅಳತೆಯನ್ನು ಬದಲಿಸಿದರೆ ಬಿಂದುಗಳೆಲ್ಲ ತಾವೇ ಸರಿಯುತ್ತವೆ. ಕಂಕುಳಿನ ಬಾಗನ್ನು ಬರೆಯುವ ವಕ್ರರೇಖೆಗಳು ಫ್ರಾನ್ಸಿನ ರೆನೋ ಮೋಟಾರು ಕಾರ್ಖಾನೆಯ ಇಂಜಿನಿಯರ್ ಪಿಯೆರ್ ಬೆಜಿಯೆ ಎಂಬವನ ಹೆಸರಿನವು. ಕಾರಿನ ಮೈಗೆಂದು ಅವನು ಬಳಕೆಗೆ ತಂದದ್ದು ನಮ್ಮ ಕುಪ್ಪಸದ ತೋಳಿಗೂ ಒದಗಿತು. ಗಣಿತವೆಂದರೆ ಹೆದರುವ ಕಲಾವಿಭಾಗದವರಾದ ನಮಗೆ ಇದು ಸ್ವಲ್ಪ ಸಮಾಧಾನದ ಸಂಗತಿ.

ಅಕ್ಕ ಅಳೆದಳು, ನಾನು ಬರೆದುಕೊಂಡೆನು. ಹೆಗಲಿನ ಇಳಿತ, ಕಂಕುಳಿನ ಆಳ, ತೋಳಿನ ಸುತ್ತು ಇವನ್ನು ಎಡಕ್ಕೆ ಬೇರೆ, ಬಲಕ್ಕೆ ಬೇರೆಯಾಗಿ ತೆಗೆದೆವು. ಚಿಗವ್ವ ಮೊದಲು ಒಪ್ಪಲಿಲ್ಲ; ತನ್ನ ಬಲಹೆಗಲಿಗೆ ಟೇಪು ಮುಟ್ಟಿಸಲು ಆಕೆ ಬಿಟ್ಟದ್ದು ಮೂರನೆಯ ದಿನ. ಮಾದರಿಯ ಎರಡು ಭಾಗಗಳನ್ನೂ ಬೇರೆ ಬೇರೆಯಾಗಿ ಬರೆದೆವು. ಮುಂಡರಗಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಎ-೪ ಹಾಳೆಗಳ ಮೇಲೆ ಅಚ್ಚು ತೆಗೆಸಿ ಅಂಟಿಸಿದೆವು. ಇಲ್ಲಿ ಒಂದು ಎಚ್ಚರ ಬೇಕು: ಯಂತ್ರವು ಹಾಳೆಗೆ ಹೊಂದಿಸುವ ನೆವದಲ್ಲಿ ಚಿತ್ರವನ್ನು ತುಸು ಕುಗ್ಗಿಸಿಬಿಡುವುದುಂಟು. ಮೂಲೆಯಲ್ಲಿ ೧೦ ಸೆಂಟಿಮೀಟರಿನ ಚೌಕವೊಂದನ್ನು ಬರೆದು, ಅಚ್ಚಾದ ಮೇಲೆ ಪಟ್ಟಿಯಿಂದ ಅಳೆದು ನೋಡಿದ ಹೊರತು ಕತ್ತರಿ ಹಿಡಿಯಬಾರದು.

ಮೊದಲು ಹಳೆಯ ಧೋತರದ ಅರಿವೆಯಲ್ಲಿ ಹೊಲಿದು ನೋಡಿದೆವು. ಬಲಗಡೆ ಬೆನ್ನಿನಲ್ಲಿ ಇನ್ನೂ ಒಂದು ನೆರಿಗೆ ಉಳಿದಿತ್ತು. ಅಕ್ಕ ಅಲ್ಲಿ ಟಾಚಣಿ ಚುಚ್ಚಿ ಅರ್ಧ ಇಂಚು ಹಿಡಿದಳು. ಆ ಅರ್ಧ ಇಂಚನ್ನು ನಾನು ಸೂತ್ರಕ್ಕೆ ಸೇರಿಸಿದೆನು. ಯಂತ್ರಕ್ಕೆ ಲೆಕ್ಕ ಬರುತ್ತದೆ, ನೆರಿಗೆ ಕಾಣುವುದಿಲ್ಲ. ಅದನ್ನು ಕಾಣುವುದಕ್ಕೆ ಅಕ್ಕನಂಥವರ ಕಣ್ಣೇ ಬೇಕು. ಬಳಿಕ ಗುಳೇದಗುಡ್ಡದ ಖಣವನ್ನು ಕತ್ತರಿಸಿದೆವು, ಮಡಿಚದೆ, ಒಂದೊಂದೇ ಪದರವಾಗಿ. ಚಿಗವ್ವ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಸೆರಗನ್ನು ಎಡಹೆಗಲ ಮೇಲೆ ಮಾತ್ರ ಹಾಕಿಕೊಂಡಳು. ಏನೂ ಮಾತಾಡದೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಅಕ್ಕನಿಗೆ ಈ ತಂತ್ರಾಂಶದ ಮೇಲೆ ಪೂರ್ತಿ ವಿಶ್ವಾಸ ಇನ್ನೂ ಬಂದಿಲ್ಲ. ಎಲ್ಲರಂಥ ಮೈಯವರಿಗೆ ವೃತ್ತಪತ್ರಿಕೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಹತ್ತೇ ನಿಮಿಷದಲ್ಲಿ ಕತ್ತರಿಸುತ್ತಾಳೆ. ಅಷ್ಟು ಹೊತ್ತಿಗೆ ನನ್ನ ಯಂತ್ರ ಇನ್ನೂ ಕಣ್ಣು ತೆರೆದಿರುವುದಿಲ್ಲ. ಆದರೂ ಆಕೆ ಒಂದು ನೂರು ಪುಟದ ಪುಸ್ತಕವನ್ನು ತಂದಿಟ್ಟಿದ್ದಾಳೆ. ಗೂನು ಬಂದ ಮುದುಕಿಯರು, ಬಾಣಂತಿಯರು, ಊರ ಏಣಿಯ ಯಾವ ಮೆಟ್ಟಿಲಿಗೂ ಸಲ್ಲದವರು ಬಂದರೆ ಅವರ ಅಳತೆಗಳನ್ನು ಎಡ, ಬಲ ಎಂದು ಎರಡು ಸಾಲು ಮಾಡಿ ಅದರಲ್ಲಿ ಬರೆದಿಡುತ್ತಾಳೆ. ರಜೆಗೆ ನಾನು ಊರಿಗೆ ಹೋದಾಗ ಆ ಪುಸ್ತಕ ಗಣಕಯಂತ್ರದ ಪಕ್ಕಕ್ಕೆ ಬಂದು ಕೂಡುತ್ತದೆ. ಕಳೆದ ಸಲ ಅದರಲ್ಲಿ ಏಳು ಮಂದಿಯ ಅಳತೆಗಳಿದ್ದವು.